ಕಹ್ವಾ, ಕಾಫಿಗೃಹ ಮತ್ತು ಇಸ್ತಾಂಬುಲ್

ಇಸ್ತಾಂಬುಲ್ ನಗರವನ್ನು ಅರಿಯಲು ಅದರ ಮಸೀದಿಗಳನ್ನೂ ಅರಮನೆಗಳನ್ನೂ ನೋಡಿದರೆ ಸಾಲದು. ಕಾಫಿಗೃಹಗಳ ಇತಿಹಾಸವನ್ನೂ ತಿಳಿಯಬೇಕು. ‘ಕಹ್ವಾ’ ಆ ನಗರಕ್ಕೆ ಬಂದದ್ದು ಅರಬ್ ನಾಡಿನಿಂದ. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಝಿಕ್ರ್ ಮಜ್ಲಿಸ್‌ಗಳಲ್ಲಿ ನಿದ್ದೆ ಆವರಿಸದಿರಲೆಂದು ಅದನ್ನು ಸೇವಿಸುತ್ತಿದ್ದರು. ನಮ್ಮ ಚಿಕ್ಕಮಗಳೂರಿನ ಗಿರಿಗೆ ಏಳು ಬೀಜಗಳನ್ನು ತಂದರೆಂದು ಜನರು ನೆನೆಯುವ ಬಾಬಾ ಬುಡನ್ ಕೂಡ ಸೂಫಿಯೇ.

ಪಾನೀಯದೊಂದಿಗೆ ವಿವಾದವೂ ಸಂಚರಿಸಿತು. 1511ರಲ್ಲಿ ಮಕ್ಕಾದ ಅಧಿಕಾರಿ ಖಾಇರ್ ಬೇಗ್ ವಿದ್ವಾಂಸರ ಸಭೆ ಕರೆದು ಕಾಫಿಯನ್ನು ನಿಷೇಧಿಸಿದನು. ಆದರೆ ಕೈರೋದಿಂದ ಬಂದ ಮಮ್ಲೂಕ್ ಸುಲ್ತಾನನ ಆಜ್ಞೆಯು ಪಾನೀಯವನ್ನು ಹರಾಮ್ ಎನ್ನಲಿಲ್ಲ. ಅದರ ನೆಪದಲ್ಲಿ ನಡೆಯುವ ಅನುಚಿತ ಕೂಟಗಳನ್ನಷ್ಟೇ ತಡೆಯಿತು.

ಇತಿಹಾಸಕಾರ ಇಬ್ರಾಹೀಂ ಪೆಚೆವಿ ದಾಖಲಿಸಿರುವಂತೆ, ಹಿಜರಿ 962ರಲ್ಲಿ, ಅಂದರೆ ಕ್ರಿ.ಶ. 1554-55ರ ಸುಮಾರಿಗೆ, ಅಲೆಪ್ಪೊದ ಹಕಮ್ ಮತ್ತು ದಮಾಸ್ಕಸ್‌ನ ಶಮ್ಸ್ ಎಂಬಿಬ್ಬರು ಇಸ್ತಾಂಬುಲ್‌ನ ತಹ್ತಕಲೆಯಲ್ಲಿ ಕಾಫಿ ಅಂಗಡಿ ತೆರೆದರು. ಅಲ್ಲಿ ಕೆಲವರು ಗ್ರಂಥ ಓದುತ್ತಿದ್ದರು, ಕೆಲವರು ಚದುರಂಗವಾಡುತ್ತಿದ್ದರು, ಕವಿಗಳು ಹೊಸ ಕಾವ್ಯ ತಂದು ಚರ್ಚಿಸುತ್ತಿದ್ದರು. ಕ್ರಮೇಣ ಮಸೀದಿಗಳು ಬರಿದಾಗುತ್ತಿವೆಯೆಂಬ ದೂರು ಎದ್ದಿತು. ಸುಟ್ಟು ಕರಕಲಾದ ವಸ್ತು ನಿಷಿದ್ಧವೆಂಬ ಫತ್ವಾ ಹೊರಬಿದ್ದಿತು. ಆದರೆ ಆ ಶತಮಾನದ ಕೊನೆಯಲ್ಲಿ ಶೈಖುಲ್ ಇಸ್ಲಾಮ್ ಬೋಸ್ತಾನ್‌ಝಾದೆ ಮುಹಮ್ಮದ್ ಎಫೆಂದಿಯವರು ಕಾಫಿಗೆ ಅನುಮತಿ ನೀಡಿದರು. ಅಮಲೇರಿಸದ ವಸ್ತುವನ್ನು ನಿಷಿದ್ಧವೆನ್ನಲು ಸ್ಪಷ್ಟ ಪುರಾವೆ ಬೇಕು. ಪುರಾವೆಯಿಲ್ಲದಿದ್ದರೆ ವಸ್ತುಗಳ ಮೂಲ ವಿಧಿ ಅನುಮತಿಯೇ ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ಸೂತ್ರವಲ್ಲವೇ?

1633ರಲ್ಲಿ ಸುಲ್ತಾನ್ ನಾಲ್ಕನೇ ಮುರಾದ್ ಕಾಫಿಗೃಹಗಳನ್ನು ಮತ್ತೆ ಮುಚ್ಚಿಸಿದನು. ನಗರವನ್ನು ಸುಟ್ಟ ಮಹಾ ಅಗ್ನಿದುರಂತ ಅದಕ್ಕೆ ಕಾರಣವಾಗಿ ಒದಗಿತು. ಆದರೆ ಜನರು ಅಲ್ಲಿ ಕೂಡಿ ಆಡಳಿತವನ್ನು ಟೀಕಿಸುವರೆಂಬ ಭೀತಿಯೂ ಅದರ ಹಿಂದಿತ್ತು. ಆ ನಿಷೇಧವೂ ಉಳಿಯಲಿಲ್ಲ. 1871ರಲ್ಲಿ ಆರಂಭವಾದ ‘ಕುರುಕಹ್ವೆಜಿ ಮೆಹ್ಮೆತ್ ಎಫೆಂದಿ’ಯ ಅಂಗಡಿಯ ಮುಂದೆ, ಅದೇ ತಹ್ತಕಲೆಯಲ್ಲಿ, ಹುರಿದ ಕಾಫಿಪುಡಿಗಾಗಿ ಜನ ಇಂದಿಗೂ ಸಾಲುಗಟ್ಟುತ್ತಾರೆ. 18ನೇ ಶತಮಾನದ ಚೋರ್ಲುಲು ಅಲಿ ಪಾಷಾ ಮದ್ರಸಾದ ಅಂಗಳದಲ್ಲಿಯೂ ಚಹಾ, ಕಾಫಿ, ಹುಕ್ಕಾಗಳ ವ್ಯಾಪಾರ ನಡೆದದ್ದುಂಟು. ವಿದ್ಯಾರ್ಥಿಗಳ ಪಾಠ ಕೇಳುತ್ತಿದ್ದ ಕಮಾನುಗಳ ಕೆಳಗೆ ಹೊಗೆ ಸುಳಿದದ್ದನ್ನು ನೆನೆದಾಗ ಹಳೆಯ ಉಲಮಾಗಳ ಕಳವಳ ಪೂರ್ತಿ ನಿರಾಧಾರವಾಗಿರಲಿಲ್ಲವೆನಿಸುತ್ತದೆ.

ಇಂದು ನಮ್ಮ ಊರುಗಳಲ್ಲಿಯೂ ಹೊಸ ಕಾಫಿ ಅಂಗಡಿಗಳು ತೆರೆಯುತ್ತಿವೆ, ನಮ್ಮ ಮಕ್ಕಳು ಅಲ್ಲಿ ಸೇರುತ್ತಾರೆ. ಹೋಗಬೇಡಿರೆಂದು ಗದರುವುದು ಸುಲಭ. ಅಂತಹ ನಿಷೇಧಗಳ ಗತಿಯನ್ನು ಇತಿಹಾಸ ತೋರಿಸಿದೆ. ಅಲ್ಲಿ ಯಾರೊಡನೆ ಕೂತರು, ಏನು ಮಾತನಾಡಿದರು, ಗೀಬತ್‌ನಿಂದ ನಾಲಗೆಯನ್ನು ಕಾಪಾಡಿದರೇ, ಅಝಾನ್ ಕೇಳಿದಾಗ ಎದ್ದರೇ ಎಂದು ಪ್ರೀತಿಯಿಂದ ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ. ಯಮನಿನ ಆ ಸಜ್ಜನರು ಕಾಫಿ ಕುಡಿದದ್ದು ಅಲ್ಲಾಹನ ಸ್ಮರಣೆಗಾಗಿ ಎಚ್ಚರವಾಗಿರಲೆಂದೇ.