ವಳಿವಡೆಯ ಎರಡು ವಲಸೆಗಳು

ಅನುದಾನವೆಂಬ ಶಬ್ದವು ಉಪಾಧ್ಯಾಯ ವರ್ಗಕ್ಕೆ ಹೊಸದಲ್ಲ. ಹಾಜರಿಪಟ, ತಪಾಸಣಾಧಿಕಾರಿಗಳ ಷರಾ, ವರ್ಷಾಂತ್ಯದ ಲೆಕ್ಕಪತ್ರ, ಇವೆಲ್ಲವುಗಳ ಹಿಂದೆ ಅನುದಾನವೇ ನಿಂತಿರುತ್ತದೆ. ಅದು ಬಂದಾಗ ಗೋಡೆಗೆ ಸುಣ್ಣ, ಹಲಗೆಗೆ ಬಣ್ಣ. ಬಾರದಿದ್ದಾಗ ಎಲ್ಲರ ಮುಖದಲ್ಲಿಯೂ ಚಿಂತೆ. ಆದರೆ ಒಂದು ಶಾಲೆಯಲ್ಲ, ಒಂದು ಊರಿಗೆ ಊರೇ ಸರ್ಕಾರದ ಹಣದ ಮೇಲೆ ಹುಟ್ಟಿ, ಆ ಹಣದ ಮೂಲವು ಬತ್ತಿದಾಗ ಚದುರಿಹೋದ ವೃತ್ತಾಂತವು ನಮ್ಮ ಕೊಲ್ಲಾಪುರದ ಮಗ್ಗುಲಲ್ಲಿಯೇ ನಡೆದಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರು? ಇತಿಹಾಸದ ಪುಸ್ತಕಗಳು ಅರಸರ ಕಾಳಗಗಳನ್ನು ವಿಸ್ತಾರವಾಗಿ ಹೇಳುತ್ತವೆ. ಕಾಳಗದಿಂದ ಮನೆ ಕಳೆದುಕೊಂಡವರಿಗೆ ಅನ್ನವಿಕ್ಕಿದವರಾರು, ಅದರ ವೆಚ್ಚವನ್ನು ತೆತ್ತವರಾರು ಎಂಬುದನ್ನು ಹೇಳುವುದು ವಿರಳ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬಬೇಕೆಂಬುದೇ ಈ ಬರಹದ ಉದ್ದೇಶ.

ಕೊಲ್ಲಾಪುರದಿಂದ ಮಿರಜಿಗೆ ಹೋಗುವ ರೈಲುದಾರಿಯಲ್ಲಿ, ಪಂಚಗಂಗೆಯ ಬಯಲಿನಲ್ಲಿ ವಳಿವಡೆ ಎಂಬ ಗ್ರಾಮವಿದೆ. ಇದೇ ನದಿಯು ಮುಂದೆ ಇಚಲಕರಂಜಿಯ ಬದಿಯಲ್ಲಿ ಹರಿದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನರು ವಾಸವಾಗಿದ್ದರು. ಯುರೋಪಿನ ಹಿಮದ ನಾಡೆಲ್ಲಿ, ಪಂಚಗಂಗೆಯ ಕಬ್ಬಿನ ನಾಡೆಲ್ಲಿ! ಅವರು ಇಲ್ಲಿಗೆ ಬಂದ ದಾರಿಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1939ರ ಸೆಪ್ಟೆಂಬರಿನಲ್ಲಿ ಪಶ್ಚಿಮದಿಂದ ಜರ್ಮನಿಯೂ ಪೂರ್ವದಿಂದ ಸೋವಿಯತ್ ರಷ್ಯವೂ ಪೋಲೆಂಡನ್ನು ಆಕ್ರಮಿಸಿ ಹಂಚಿಕೊಂಡವು. ಪೂರ್ವಭಾಗದ ಲಕ್ಷಾಂತರ ಜನರನ್ನು 1940 ಮತ್ತು 1941ರಲ್ಲಿ ಸೈಬೀರಿಯ, ಕಜಕಸ್ತಾನಗಳಿಗೆ ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಹಸಿವೂ ಚಳಿಯೂ ಅನೇಕರನ್ನು ಬಲಿ ತೆಗೆದುಕೊಂಡವು. 1941ರ ಜೂನಿನಲ್ಲಿ ಜರ್ಮನಿಯು ರಷ್ಯದ ಮೇಲೆಯೇ ಬಿದ್ದಾಗ ಪರಿಸ್ಥಿತಿ ತಿರುಗಿತು. ಆ ವರ್ಷದ ಜುಲೈ 30ರಂದು ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರಕ್ಕೂ ಸೋವಿಯತ್ ಸರ್ಕಾರಕ್ಕೂ ಒಪ್ಪಂದವಾಗಿ, ಸೆರೆಯಲ್ಲಿದ್ದವರ ಬಿಡುಗಡೆಯಾಯಿತು. ಸೇನಾನಿ ಆಂಡರ್ಸನು ಅವರೊಳಗಿನ ಗಂಡಸರಿಂದ ಸೈನ್ಯ ಕಟ್ಟಿದನು. 1942ರಲ್ಲಿ ಆ ಸೈನ್ಯದೊಡನೆ ಹೆಂಗಸರೂ ಮಕ್ಕಳೂ ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಇರಾನಿಗೆ ಬಂದರು. ಸೈನಿಕರು ರಣರಂಗಕ್ಕೆ ಹೋದರು, ಉಳಿದವರನ್ನು ಎಲ್ಲಿಡಬೇಕು? ಪೂರ್ವ ಆಫ್ರಿಕ, ಮೆಕ್ಸಿಕೋ, ನ್ಯೂಜಿಲೆಂಡ್‌ಗಳಂತೆ ಭಾರತವೂ ಅವರಿಗೆ ಎಡೆಗೊಟ್ಟಿತು. ನವಾನಗರದ ಜಾಮಸಾಹೇಬ ದಿಗ್ವಿಜಯಸಿಂಹರು ಅನಾಥ ಮಕ್ಕಳಿಗಾಗಿ ಬಾಲಾಚಡಿಯಲ್ಲಿ 1942ರಲ್ಲಿಯೇ ಬಿಡಾರ ತೆರೆದರು. ಕುಟುಂಬಗಳಿಗಾಗಿ ದೀರ್ಘಕಾಲದ ನೆಲೆಯು ಮರುವರ್ಷ ವಳಿವಡೆಯಲ್ಲಿ ಸಿದ್ಧವಾಯಿತು. ಆಗ ಕೊಲ್ಲಾಪುರದ ಗಾದಿಯ ಮೇಲಿದ್ದ ಮಹಾರಾಜರು ಎಳೆಯ ಮಗು; ಆಡಳಿತವು ರಾಜಪ್ರತಿನಿಧಿಗಳ ಕೈಯಲ್ಲಿತ್ತು.

ಬಯಲಿನಲ್ಲಿ ಸಾಲುಸಾಲಾಗಿ ಬ್ಯಾರಕ್ಕುಗಳೆದ್ದವು. ಬಿದಿರಿನ ತಟ್ಟಿಯ ಗೋಡೆ, ಹೆಂಚಿನ ಮಾಡು. ಒಂದೊಂದು ಕುಟುಂಬಕ್ಕೆ ಒಂದೊಂದು ಭಾಗ. ಇಗರ್ಜಿ, ಆಸ್ಪತ್ರೆ, ಅಂಗಡಿ, ನಾಟಕಶಾಲೆಗಳು ಬಂದವು. ಎಲ್ಲಕ್ಕಿಂತ ಮುಖ್ಯವಾಗಿ ಶಾಲೆಗಳು ಬಂದವು. ಶಿಶುವಿಹಾರದಿಂದ ಹಿಡಿದು ಪ್ರೌಢಶಿಕ್ಷಣದವರೆಗೆ ಕಲಿಕೆಯೆಲ್ಲ ಪೋಲಿಷ್ ಭಾಷೆಯಲ್ಲಿಯೇ ನಡೆಯಿತು. ಆ ದಿನಗಳಲ್ಲಿ ವಲಸೆಯ ಪೋಲಿಷ್ ಮಕ್ಕಳಿಗಾಗಿ ಜೆರುಸಲೇಮಿನಲ್ಲಿ ಪಠ್ಯಪುಸ್ತಕಗಳು ಅಚ್ಚಾಗುತ್ತಿದ್ದುವೆಂಬುದನ್ನು ನೆನೆದರೆ, ಮನೆ ಕಳೆದುಕೊಂಡ ಜನಾಂಗವೊಂದು ಭಾಷೆಯನ್ನು ಮಾತ್ರ ಕಳೆದುಕೊಳ್ಳಬಾರದೆಂದು ಪಟ್ಟ ಪಾಡು ನಮಗೆ ಅರ್ಥವಾಗುತ್ತದೆ. ದೇಶವು ನಕಾಶೆಯಲ್ಲಿ ಅಳಿಸಿಹೋಗಿದ್ದರೂ ಅದರ ಅಕ್ಷರಮಾಲೆಯು ವಳಿವಡೆಯ ಕರಿಹಲಗೆಯ ಮೇಲೆ ದಿನವೂ ಮೂಡುತ್ತಿತ್ತು.

ಇನ್ನು ಹಣದ ಮಾತು. ಈ ವೆಚ್ಚದ ಹೊಣೆ ಲಂಡನ್ನಿನ ಪೋಲಿಷ್ ಸರ್ಕಾರದ್ದು. ಆದರೆ ನೆಲವಿಲ್ಲದ ಸರ್ಕಾರಕ್ಕೆ ಕಂದಾಯವೆಲ್ಲಿಯದು? ಅದಕ್ಕೆ ಬ್ರಿಟನ್ ಸಾಲ ಕೊಡುತ್ತಿತ್ತು. ಆ ಹಣವು ಪೋಲಿಷ್ ಸಮಾಜಕಲ್ಯಾಣ ಮತ್ತು ಶಿಕ್ಷಣ ಖಾತೆಗಳ ಮೂಲಕ ಬಿಡಾರಕ್ಕೆ ಬರುತ್ತಿತ್ತು. ಮುಂಬಯಿಯಲ್ಲಿದ್ದ ಪೋಲಿಷ್ ರಾಯಭಾರ ಪ್ರತಿನಿಧಿ ಬನಾಸಿನ್ಸ್ಕಿಯವರೂ, ಪೋಲಿಷ್ ರೆಡ್ ಕ್ರಾಸಿನ ಪರವಾಗಿ ಅವರ ಪತ್ನಿ ಕೀರಾ ಅವರೂ ಈ ಕಾರ್ಯದಲ್ಲಿ ಬಹಳ ದುಡಿದರು. ಭಾರತದ ಸಂಸ್ಥಾನಿಕರೂ ಉದ್ಯಮಿಗಳೂ ಪೋಲಿಷ್ ಮಕ್ಕಳ ನಿಧಿಗೆ ವಂತಿಗೆ ಕೊಟ್ಟರು. ವಳಿವಡೆಯ ವಿಶೇಷವೆಂದರೆ, ಕುಟುಂಬಗಳಿಗೆ ತಿಂಗಳ ಭತ್ಯೆಯನ್ನು ನಗದಾಗಿ ಕೊಟ್ಟು, ಅಡುಗೆಯನ್ನು ಅವರವರ ಮನೆಗೇ ಬಿಟ್ಟದ್ದು. ತಾಯಿಯು ತಾನೇ ಪೇಟೆಗೆ ಹೋಗಿ, ಸುತ್ತಲಿನ ವ್ಯಾಪಾರಿಗಳೊಡನೆ ಚೌಕಾಶಿ ಮಾಡಿ, ತನ್ನ ಒಲೆಯ ಮೇಲೆ ತಾನೇ ಬೇಯಿಸುವಳು. ಕೈಯೊಡ್ಡಿ ನಿಂತು ಪಡೆಯುವ ಅನ್ನಕ್ಕೂ ಸ್ವಂತ ಒಲೆಯ ಅನ್ನಕ್ಕೂ ಇರುವ ಅಂತರವು ಹಸಿದವನಿಗಷ್ಟೇ ಅಲ್ಲ, ಮಾನವಂತನಾದ ಎಲ್ಲರಿಗೂ ತಿಳಿಯುವಂಥದು.

ಆದರೆ ಅನುದಾನದ ಹಗ್ಗದ ತುದಿ ದೂರದಲ್ಲಿತ್ತು. 1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ಕೂಡಿದ ಮೂವರು ನಾಯಕರು ಪೂರ್ವ ಪೋಲೆಂಡು ರಷ್ಯಕ್ಕೆ ಸೇರುವುದನ್ನು ಒಪ್ಪಿದರು. ಆ ವರ್ಷದ ಜುಲೈ ತಿಂಗಳಲ್ಲಿ ಬ್ರಿಟನ್ನೂ ಅಮೆರಿಕವೂ ಲಂಡನ್ನಿನ ಪೋಲಿಷ್ ಸರ್ಕಾರಕ್ಕೆ ಇತ್ತಿದ್ದ ಮಾನ್ಯತೆಯನ್ನು ಹಿಂದೆಗೆದುಕೊಂಡುವು. ವಳಿವಡೆಯ ಒಲೆಗಳಿಗೆ ಸೌದೆ ಒದಗಿಸುತ್ತಿದ್ದ ಸರ್ಕಾರವು ಒಂದೇ ದಿನದಲ್ಲಿ ಕಾಗದದ ಮೇಲೂ ಇಲ್ಲವಾಯಿತು. ಮೊದಲು ಬ್ರಿಟಿಷ್ ಖಜಾನೆಯ ತಾತ್ಪೂರ್ತಿಕ ಸಮಿತಿಯೊಂದು ಹೊಣೆ ಹೊತ್ತಿತು. ಆಮೇಲೆ ಸಂಯುಕ್ತ ರಾಷ್ಟ್ರಗಳ ಪರಿಹಾರ ಮತ್ತು ಪುನರ್ವಸತಿ ಆಡಳಿತ, ಅಂದರೆ ‘ಉನ್ರಾ’ ಎಂಬ ಸಂಸ್ಥೆಯು ಬಂದಿತು. 1943ರ ನವೆಂಬರ್ 9ರಂದು 44 ರಾಷ್ಟ್ರಗಳು ಸೇರಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಭಾರತವೂ ವಂತಿಗೆದಾರ ಸದಸ್ಯ. ಶತ್ರುವಿನ ತುಳಿತಕ್ಕೆ ಸಿಕ್ಕದ ರಾಷ್ಟ್ರಗಳು ತಮ್ಮ ವಾರ್ಷಿಕ ಆದಾಯದಲ್ಲಿ ನೂರಕ್ಕೆ ಒಂದು ಪಾಲನ್ನು ಕೊಡಬೇಕೆಂಬುದು ಅದರ ಶಿಫಾರಸು.

ಇಲ್ಲಿ ಒಂದು ಕಹಿಯಾದ ಮಾತನ್ನು ಮರೆಮಾಚಲಾಗದು. ವಳಿವಡೆಯ ಬಿಡಾರವು ಏಳುತ್ತಿದ್ದ 1943ರಲ್ಲಿಯೇ ಬಂಗಾಳದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸತ್ತರು. ಉನ್ರಾ ಸಂಸ್ಥೆಯ ನೆರವು ಅವರಿಗೆ ದೊರೆಯಲಿಲ್ಲ. ಹಾಗೆಂದು ಪೋಲಿಷ್ ಮಕ್ಕಳಿಗೆ ಸಿಕ್ಕ ತುತ್ತನ್ನು ನಾವು ಆಕ್ಷೇಪಿಸಬೇಕೆ? ಕೂಡದು. ಆ ಮಕ್ಕಳು ಬಂಗಾಳದ ಅನ್ನವನ್ನು ಕಸಿಯಲಿಲ್ಲ. ಒಬ್ಬ ಹಸಿದವನನ್ನು ಗುರುತಿಸುವ ಕಡತವು ಇನ್ನೊಬ್ಬನನ್ನು ಕಾಣದೆ ಹೋಯಿತು, ಅಷ್ಟೇ. ಸರ್ಕಾರದ ದಯೆಯು ವ್ಯಾಖ್ಯೆಯನ್ನು ಅವಲಂಬಿಸಿರುತ್ತದೆ. ವ್ಯಾಖ್ಯೆಯ ಹೊರಗೆ ಬಿದ್ದವನ ಹಸಿವು ಲೆಕ್ಕಕ್ಕೆ ಬರುವುದಿಲ್ಲ.

ಉನ್ರಾ ಸಂಸ್ಥೆಯ ಒಲವು ಎಲ್ಲರನ್ನೂ ಸ್ವದೇಶಕ್ಕೆ ಕಳುಹಿಸುವುದರ ಕಡೆಗಿತ್ತು. ಆದರೆ ಇವರ ಮನೆಗಳಿದ್ದ ನೆಲವೇ ಪರರಾಜ್ಯವಾಗಿತ್ತು. ಕೆಲವರು ಪೋಲೆಂಡಿಗೆ ಮರಳಿದರು. ಗಂಡನೋ ಮಗನೋ ಸೈನ್ಯದಲ್ಲಿದ್ದವರು 1947ರ ಪುನರ್ವಸತಿ ಶಾಸನದ ಆಸರೆಯಿಂದ ಬ್ರಿಟನ್ನಿಗೆ ಹೋದರು. ಇನ್ನು ಕೆಲವರು ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ಸಾಗಿದರು. 1948ರಲ್ಲಿ ಬಿಡಾರವು ಬರಿದಾಯಿತು.

ಬರಿದಾದ ಬ್ಯಾರಕ್ಕುಗಳು ಬಹುಕಾಲ ಬರಿದಾಗಿ ಉಳಿಯಲಿಲ್ಲ. ಅಷ್ಟರಲ್ಲಿ ದೇಶವು ಇಬ್ಭಾಗವಾಗಿ, ಸಿಂಧ ಪ್ರಾಂತದಿಂದ ಲಕ್ಷಗಟ್ಟಲೆ ಹಿಂದೂ ಜನರು ಮುಂಬಯಿ ಪ್ರಾಂತಕ್ಕೆ ಬಂದಿಳಿದಿದ್ದರು. ಪಂಜಾಬಿಗೂ ಬಂಗಾಳಕ್ಕೂ ಅರ್ಧ ಭಾಗವಾದರೂ ಭಾರತದಲ್ಲಿ ಉಳಿಯಿತು; ಸಿಂಧಿಗಳಿಗೆ ಅಂಗೈಯಗಲದ ನೆಲವೂ ಉಳಿಯಲಿಲ್ಲ. ಕಲ್ಯಾಣದ ಸೈನಿಕ ಬಿಡಾರವು ಉಲ್ಹಾಸನಗರವಾಯಿತು. ವಳಿವಡೆಯ ಪೋಲಿಷ್ ಬಿಡಾರವು ಗಾಂಧಿನಗರವಾಯಿತು.

ಈ ಸಲ ಹಣವು ಕೊಟ್ಟ ರೀತಿಯೇ ಬೇರೆ. 1947ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಪರಿಹಾರ ಮತ್ತು ಪುನರ್ವಸತಿಗೆಂದೇ ಪ್ರತ್ಯೇಕ ಖಾತೆಯನ್ನು ತೆರೆಯಿತು, ಕೆ. ಸಿ. ನಿಯೋಗಿಯವರು ಅದರ ಮೊದಲ ಮಂತ್ರಿ. ಬಿಡಾರಗಳಲ್ಲಿ ಮೊದಮೊದಲು ಉಚಿತ ಪಡಿತರವಿತ್ತು. ಆದರೆ ಅದು ಬಹುಕಾಲ ನಡೆಯಬಾರದೆಂಬುದೇ ನೀತಿಯಾಗಿತ್ತು. 1948ರ ಶಾಸನದಿಂದ ಪುನರ್ವಸತಿ ಹಣಕಾಸು ಆಡಳಿತವು ಹುಟ್ಟಿ, ವ್ಯಾಪಾರ ಕೈಗಾರಿಕೆಗಳಿಗೆ ಸಾಲ ಕೊಡತೊಡಗಿತು. 1950ರ ಶಾಸನದಂತೆ, ಬಿಟ್ಟುಬಂದ ಆಸ್ತಿಯ ದಾವೆಗಳನ್ನು ಬರೆದುಕೊಂಡರು; 1954ರ ಶಾಸನದಂತೆ ಅವಕ್ಕೆ ಪರಿಹಾರ ಹಂಚಿದರು. ದೊಡ್ಡ ಆಸ್ತಿಗೆ ಕಡಿಮೆ ಪ್ರಮಾಣ, ಸಣ್ಣ ಆಸ್ತಿಗೆ ಹೆಚ್ಚಿನ ಪ್ರಮಾಣ ಎಂಬುದು ಅದರ ನ್ಯಾಯ. ಪೂರ್ತಿ ಕಳೆದುಕೊಂಡದ್ದು ಯಾರಿಗೂ ಪೂರ್ತಿ ಸಿಗಲಿಲ್ಲ. ಆದರೆ ಕಾಲೂರಲು ನೆಲವೂ ಕೈಗೆ ಬಂಡವಾಳವೂ ದೊರೆತುವು. ಇಂದು ಗಾಂಧಿನಗರವು ಬಟ್ಟೆಯ ಸಗಟು ವ್ಯಾಪಾರಕ್ಕೆ ಹೆಸರಾದ ಪೇಟೆ. ಗಡಹಿಂಗ್ಲಜದ ಅಂಗಡಿಕಾರನಿಗೂ ಗಡಿಯಾಚೆಯ ನಿಪ್ಪಾಣಿ, ಚಿಕ್ಕೋಡಿಯ ವರ್ತಕನಿಗೂ ಅದರ ಹೆಸರು ಗೊತ್ತು. ಮಗ್ಗದ ಊರಾದ ಇಚಲಕರಂಜಿ ಹತ್ತಿರವಿದ್ದುದು ಅಂಥ ಪೇಟೆಗೆ ಅನುಕೂಲವೇ ಸರಿ.

ಹಾಗಾದರೆ ಅನುದಾನವೇ ತಪ್ಪು, ಸಾಲವೇ ಮೇಲೆಂದು ನಿರ್ಣಯಿಸಬಹುದೆ? ಅವಸರ ಸಲ್ಲದು. ಸಿಂಧಿಗಳಿಗೆ ಈ ದೇಶದ ಪೌರತ್ವವಿತ್ತು, ಮತವಿತ್ತು, ಅವರ ಸರ್ಕಾರವು ದಿಲ್ಲಿಯಲ್ಲಿತ್ತು. ಪೋಲಿಷ್ ಜನರು ಅತಿಥಿಗಳು. ನಾಳೆ ಹೊರಡುವವರು ಅಂಗಡಿ ಕಟ್ಟುವುದೆಂತು? ನೆರವಿನ ಸ್ವರೂಪಕ್ಕಿಂತ, ಅದನ್ನು ಪಡೆಯುವವನಿಗೆ ಈ ನೆಲದಲ್ಲಿ ನಾಳೆ ಎಂಬುದೊಂದು ಇದೆಯೇ ಎಂಬುದು ಮುಖ್ಯ. ನಮ್ಮ ಕರ್ನಾಟಕದ ಉದಾಹರಣೆಯನ್ನೇ ನೋಡಿರಿ. 1960ರಲ್ಲಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ನೆಲವನ್ನು ಒದಗಿಸಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ಅವರ ವಸತಿಯಾಯಿತು. ಪೌರತ್ವವಿಲ್ಲದ ಅತಿಥಿಗಳಾದರೂ ಉಳಲು ಹೊಲ, ಕಲಿಯಲು ಶಾಲೆ ದೊರೆತುದರಿಂದ ಅವರು ನೆಲೆನಿಂತರು. 2015ರಲ್ಲಿ ಕೇಂದ್ರ ಸರ್ಕಾರವು ಅವರ ಪರಿಹಾರ ಸಮಿತಿಗೆ 5 ವರ್ಷಗಳಿಗೆಂದು 40 ಕೋಟಿ ರೂಪಾಯಿಗಳ ಅನುದಾನವನ್ನು ಮಂಜೂರು ಮಾಡಿತು. ನೆಲ ಕೊಟ್ಟು ಐವತ್ತು ವರ್ಷಗಳಾದ ಮೇಲೂ ನೆರವು ಬೇಕಾಯಿತೆಂದರೆ, ಪುನರ್ವಸತಿಯು ಒಂದು ಮುಂಗಡಪತ್ರದಲ್ಲಿ ಮುಗಿಯುವ ಕೆಲಸವಲ್ಲವೆಂದು ಸ್ಪಷ್ಟವಾಗುತ್ತದೆ.

ಉಪಾಧ್ಯಾಯ ಬಂಧುಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ವಳಿವಡೆಯ ಇಗರ್ಜಿಯ ಗಂಟೆ ನಿಂತಿತು, ನಾಟಕಶಾಲೆ ಮುಚ್ಚಿತು. ಅಲ್ಲಿ ಕಲಿತ ಪಾಠವು ಮಾತ್ರ ಮಕ್ಕಳೊಡನೆ ಹಡಗನ್ನೇರಿತು. ಬ್ರಿಟನ್ನಿನಲ್ಲಿಯೂ ಪೋಲೆಂಡಿನಲ್ಲಿಯೂ ಮುದುಕರಾಗುವವರೆಗೆ ಅವರು ತಮ್ಮನ್ನು ವಳಿವಡೆಯವರೆಂದು ಕರೆದುಕೊಂಡರು. ಸಿಂಧಿಗಳಾದರೂ ತಮ್ಮದೆಂಬ ರಾಜ್ಯವಿಲ್ಲದೆ ಭಾಷೆಯನ್ನು ಕಾಪಾಡಿಕೊಂಡು, 1967ರಲ್ಲಿ ಅದಕ್ಕೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರಕಿಸಿದರು. ಖರ್ಚಾದ ಹಣದಲ್ಲಿ ಯಾವುದು ಉಳಿಯಿತೆಂದು ಕೇಳಿದರೆ, ಶಾಲೆಗೆ ಹೋದದ್ದು ಉಳಿಯಿತೆಂದು ಧೈರ್ಯವಾಗಿ ಹೇಳಬಹುದು.

2024ರ ಆಗಸ್ಟಿನಲ್ಲಿ ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ವಾರ್ಸಾ ನಗರದಲ್ಲಿ ಕೊಲ್ಲಾಪುರದ ಹೆಸರಿನ ಸ್ಮಾರಕಕ್ಕೆ ಹೂವಿಟ್ಟು ನಮಿಸಿದರು. ಅಷ್ಟು ದೂರದವರು ನೆನೆಯುವ ಊರನ್ನು ಹತ್ತಿರದವರಾದ ನಾವು ಮರೆಯುವುದು ಸರಿಯಲ್ಲ. ಪ್ರವಾಸಕ್ಕೆಂದು ಮಕ್ಕಳನ್ನು ಪನ್ಹಾಳಗಡಕ್ಕೆ ಕರೆದೊಯ್ಯುವಾಗ ಒಂದು ಗಳಿಗೆ ವಳಿವಡೆಗೂ ಹೋಗಿರಿ. ಕೋಟೆಯಲ್ಲಿ ಅರಸರ ಪರಾಕ್ರಮವನ್ನು ಹೇಳಿದಂತೆ ಇಲ್ಲಿ ಅನ್ನದ ಲೆಕ್ಕವನ್ನು ಹೇಳಿರಿ: ಯಾರು ಕೊಟ್ಟರು, ಯಾರ ಕೈಯಿಂದ ಕೊಟ್ಟರು, ಎಷ್ಟು ದಿನ ಕೊಟ್ಟರು, ಕೊಡುವುದು ನಿಂತಾಗ ಪಡೆದವರ ಕೈಯಲ್ಲಿ ಏನು ಉಳಿಯಿತು. ಈ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲ ವಿದ್ಯಾರ್ಥಿಯು ಮುಂದೆ ಯಾವ ಸರ್ಕಾರದ ಯಾವ ಯೋಜನೆಯನ್ನಾದರೂ ತಾನೇ ತೂಗಿ ನೋಡಬಲ್ಲನು.