ಘಾಟ್ ಇಳಿಯುವವರ ಪೆಟ್ರೋಲ್ ಲೆಕ್ಕ

ಬೆಳಗಾವಿಯಿಂದ ಕಲಂಗುಟ್ ಬೀಚಿಗೆ ಹೊರಟವರಿಗೆ ಜಾಂಬೋಟಿ, ಕಣಕುಂಬಿ ದಾಟಿದ ಮೇಲೆ ಚೋರ್ಲಾ ಘಾಟ್ ಎದುರಾಗುತ್ತದೆ. ಅಲ್ಲಿಂದ ಸುಮಾರು 700 ಮೀಟರ್ ಕೆಳಗಿಳಿದು, ಸಾಖಳಿ, ಡಿಚೋಲಿ, ಮಾಪ್ಸಾ ಹಾದರೆ ಕಡಲು. ಇಂಥ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುವ ಆಸೆ ಪಶ್ಚಿಮ ಘಟ್ಟದಲ್ಲಿ ಗಾಡಿ ಓಡಿಸುವವರಿಗೆ ಹೊಸದಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಬಸ್ಸುಗಳು ಇದ್ದಿಲಿನ ಮೇಲೆ ಓಡಿದವು. ಬಸ್ಸಿಗೆ ಜೋಡಿಸಿದ ಡ್ರಮ್ಮಿನಲ್ಲಿ ಇದ್ದಿಲು ಕೆಂಡವಾಗುವವರೆಗೂ ಕ್ಲೀನರ್ ಕೈಯಿಂದ ಗಾಳಿಪಂಕ ತಿರುವಬೇಕಿತ್ತು. ಅದರಿಂದ ಹುಟ್ಟುವ ಗ್ಯಾಸು ಎಂಜಿನ್ನಿಗೆ ಹೋಗುತ್ತಿತ್ತು. ಪೆಟ್ರೋಲಿನಷ್ಟು ಕಸುವು ಅದಕ್ಕಿರಲಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುತ್ತಿದ್ದರು, ಒಮ್ಮೊಮ್ಮೆ ಬಸ್ಸನ್ನು ತಳ್ಳುತ್ತಲೂ ಇದ್ದರು.

ಮುಂದೆ 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆ ತಡೆದಾಗ ಬೆಲೆ ಗಗನಕ್ಕೇರಿತು. ಇಂಧನ ಉಳಿತಾಯಕ್ಕೆಂದೇ ಕೇಂದ್ರ ಸರ್ಕಾರ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವನ್ನು ಸ್ಥಾಪಿಸಿತು. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ ಎಂಬುದು ಅದರ ಹೆಸರಾಂತ ಸಲಹೆ.

ಡ್ರೈವರುಗಳಿಗೆ ತಮ್ಮದೇ ಒಂದು ಉಪಾಯವಿತ್ತು: ಇಳಿಜಾರು ಬಂದೊಡನೆ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ಗಾಡಿ ಬಿಡುವುದು. ಇದು ಜೀವಕ್ಕೇ ಕುತ್ತು ತರುವ ಅಭ್ಯಾಸ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವು ಎರಡು ಮೂರು ಬಾರಿ ಪೆಡಲ್ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಗೇರಿನ ಹಿಡಿತವಿಲ್ಲದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಕೆಲಸ ಮಾಡದಂತಾಗುತ್ತದೆ. ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲಂತೂ ಈ ಉಪಾಯಕ್ಕೆ ಅರ್ಥವೇ ಉಳಿಯಲಿಲ್ಲ. ಗೇರಿನಲ್ಲೇ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ. ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ಗೆ ಹಾಕಿದರೆ ಮಾತ್ರ ಅದು ಸುಮ್ಮನೆ ಉರಿಯುತ್ತಿರುತ್ತದೆ.

ಉಳಿತಾಯದ ಇನ್ನೊಂದು ದಾರಿಯನ್ನು ಗೋವಾ ಸರ್ಕಾರವೇ ತೆರೆಯಿತು. 2012ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಮನೋಹರ್ ಪರ್ರಿಕರ್ ಪೆಟ್ರೋಲಿನ ಮೇಲಿನ ವ್ಯಾಟನ್ನು ಶೇ 0.1ಕ್ಕೆ ಇಳಿಸಿದರು, ಲೀಟರಿಗೆ ಸುಮಾರು 11 ರೂಪಾಯಿ ಕಡಿಮೆಯಾಯಿತು. ಬೆಳಗಾವಿ ಕಡೆಗೆ ಮರಳುವವರಿಗೆ ಘಾಟ್ ಹತ್ತುವ ಮೊದಲು ಟ್ಯಾಂಕ್ ಫುಲ್ ಮಾಡಿಸಲು ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಉಳಿತಾಯದ ಮತ್ತೊಂದು ದಾರಿ, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು, ಭಾರತಕ್ಕೆ ಬಂದದ್ದು ನಿಧಾನವಾಗಿ. ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಇಲ್ಲಿಗೆ ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಪ್ರಿಯಸ್ 2010ರಲ್ಲಿ ಬಂದವು. ಎರಡೂ ಆಮದಿನವು, ಸಾಮಾನ್ಯರ ಕೈಗೆಟುಕದವು. 2013ರಲ್ಲಿ ಬೆಂಗಳೂರು ಬಳಿಯ ಬಿಡದಿಯಲ್ಲಿ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. 2022ರಲ್ಲಿ ಅದೇ ಬಿಡದಿಯಿಂದ ಟೊಯೋಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಹೊರಬಂದಾಗ ಮಧ್ಯಮ ವರ್ಗದ ಮನೆಗಳಲ್ಲೂ ಹೈಬ್ರಿಡ್ ಮಾತು ಕೇಳಿಬಂತು. ಲೀಟರಿಗೆ 27.97 ಕಿ.ಮೀ. ಎಂಬುದು ಇವುಗಳ ಪರೀಕ್ಷೆಯ ಅಂಕಿ.

ಈ ಕಾರು ಘಾಟ್ ಇಳಿಯುವ ಬಗೆಯೇ ಬೇರೆ. ಕಾಲು ತೆಗೆದೊಡನೆ ಅಥವಾ ಬ್ರೇಕನ್ನು ಮೆತ್ತಗೆ ಒತ್ತಿದೊಡನೆ ಮೋಟಾರು ಜನರೇಟರಾಗಿ ತಿರುಗಿ, ಬಿಸಿಯಾಗಿ ಹಾಳಾಗುತ್ತಿದ್ದ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು 700 ಮೀಟರ್ ಇಳಿದರೆ ಲೆಕ್ಕಕ್ಕೆ ಸಿಗುವುದು 3 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಗಾಳಿ ಮತ್ತು ಚಕ್ರದ ಘರ್ಷಣೆ ಅದರಲ್ಲೊಂದು ಪಾಲು ತಿನ್ನುತ್ತದೆ. ಹೈರೈಡರ್ ಬ್ಯಾಟರಿಯಲ್ಲಿ ಒಂದು ಯೂನಿಟ್ಟೂ ಹಿಡಿಯುವುದಿಲ್ಲ. ಹೀಗಾಗಿ ಉದ್ದದ ಇಳಿಜಾರಿನ ಮಧ್ಯದಲ್ಲೇ ಅದು ತುಂಬಿಹೋಗಬಹುದು. ಗೇರಿನ ‘ಬಿ’ ಸ್ಥಾನ ಇರುವುದು ಇಂಥ ಹೊತ್ತಿಗೆ: ಪೆಟ್ರೋಲ್ ಸುಡದೆ ಎಂಜಿನ್ನನ್ನು ತಿರುಗಿಸಿ ಗಾಡಿಯನ್ನು ತಡೆಹಿಡಿಯಲು. ತಿರುವಿನ ತುದಿಯಲ್ಲಿ ದಡಕ್ಕನೆ ಬ್ರೇಕ್ ತುಳಿಯುವವರಿಗೆ ಬ್ಯಾಟರಿ ತುಂಬುವ ಲಾಭ ಪೂರ್ತಿ ದಕ್ಕುವುದಿಲ್ಲ. ಮುಂಚೆಯೇ ಕಾಲು ತೆಗೆಯುವವರಿಗೆ ದಕ್ಕುತ್ತದೆ.

ತುಂಬಿದ ಬ್ಯಾಟರಿಯ ಉಪಯೋಗ ಮುಂದೆ ಕಾಣುತ್ತದೆ. ಡಿಸೆಂಬರಿನ ಕೊನೆಯಲ್ಲಿ ಕಲಂಗುಟ್‌ನಿಂದ ಬಾಗಾವರೆಗೆ ಸಾಲುಗಟ್ಟಿ ತೆವಳುವ ಗಾಡಿಗಳ ನಡುವೆ ಹೈಬ್ರಿಡ್ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೇಲೆ ಸಾಗಬಲ್ಲದು, ಚಾರ್ಜ್ ಇಳಿದಾಗಷ್ಟೇ ಎಂಜಿನ್ ಎಬ್ಬಿಸುತ್ತದೆ. ಉಳಿದ ಕಾರುಗಳ ಆವರೇಜ್ ಬೀಳುವ ಜಾಗದಲ್ಲೇ ಇದರದ್ದು ಗಟ್ಟಿಯಾಗಿ ನಿಲ್ಲುತ್ತದೆ. ಸಪಾಟು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿದರೆ ಈ ಅಂತರ ಕುಗ್ಗುತ್ತದೆ. ವಾಪಸು ಬರುವಾಗ ಅದೇ 700 ಮೀಟರನ್ನು ಪೆಟ್ರೋಲ್ ಸುಟ್ಟೇ ಹತ್ತಬೇಕು. ಆದ್ದರಿಂದ ಇಳಿಯುವಾಗ ಕಾರಿನ ಪರದೆಯ ಮೇಲೆ ಕಾಣುವ ಆವರೇಜ್ ಅಂಕಿ ಅರ್ಧ ಲೆಕ್ಕ ಮಾತ್ರ. ಬೆಳಗಾವಿಯಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಹೋಗಿಬಂದು, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದಾಗ ಸಿಗುವುದೇ ನಿಜವಾದ ಆವರೇಜ್.