ಜೆಟ್ಟಿಗಳ ವಜ್ರಮುಷ್ಟಿ ಕಾಳಗ

ಹೆವಿವೇಯ್ಟ್ ಬಾಕ್ಸಿಂಗ್ ಎಂದೊಡನೆ ನೆನಪಾಗುವವರು ಮಹಮ್ಮದ್ ಅಲಿ. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ರನ್ನು ಎಂಟನೇ ಸುತ್ತಿನಲ್ಲಿ ಉರುಳಿಸಿ ವಿಶ್ವ ಪಟ್ಟವನ್ನು ಮರಳಿ ಗೆದ್ದವರು. ಮುಷ್ಟಿಯನ್ನೇ ನಂಬಿ ಬದುಕಿದವರು ಕನ್ನಡ ನಾಡಿನಲ್ಲೂ ಇದ್ದರು. ಅವರೇ ಜೆಟ್ಟಿಗಳು.

ವಿಜಯನಗರದ ಮಹಾನವಮಿಯಲ್ಲಿ ಹಲ್ಲು ಮುರಿಯುವಂತೆ ಗುದ್ದಾಡುವ ಮಲ್ಲರನ್ನು ಪೋರ್ಚುಗೀಸ್ ಪ್ರವಾಸಿ ಪಾಯಸ್ 1520ರ ಸುಮಾರಿಗೆ ಕಂಡಿದ್ದ. ಆ ಹಬ್ಬವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರು ಒಡೆಯರ ಆಶ್ರಯದಲ್ಲಿ ಜೆಟ್ಟಿಗಳಿಗೆ ಮಲ್ಲವಿದ್ಯೆಯೇ ಕುಲವೃತ್ತಿಯಾಗಿತ್ತು.

ಬೆಂಗಳೂರು, ಮೈಸೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಮೊನೆಯುಳ್ಳ ವಜ್ರಮುಷ್ಟಿಯನ್ನು ಬೆರಳಿಗೆ ತೊಟ್ಟು ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಸೆಣಸುತ್ತಾರೆ. ಇಲ್ಲಿ ಎದುರಾಳಿ ಉರುಳಬೇಕಿಲ್ಲ. ತಲೆಯಿಂದ ಮೊದಲ ಹನಿ ನೆತ್ತರು ಜಿನುಗಿದೊಡನೆ ಕಾಳಗ ಮುಗಿಯುತ್ತದೆ. ಗುದ್ದುವುದರಲ್ಲಷ್ಟೇ ಅಲ್ಲ, ತಪ್ಪಿದ ಕೀಲನ್ನು ಕೂರಿಸುವುದರಲ್ಲೂ ಜೆಟ್ಟಿಗಳ ಕೈ ಹೆಸರಾಗಿತ್ತು.